ಮತ್ತೆ ಕೇಳಬೇಡ

ಸರೋಜಕ್ಕನವರಿಗೆ,

ಸೆರಿಟೋಸಿನಿಂದ ಗಿರೀಶನ ನಮಸ್ಕಾರ. ಇತ್ತ ನಾವೆಲ್ಲ ಕ್ಷೇಮ. ಅತ್ತ ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯಿರಿ ಎಂದು ಸೇರಿಸುವುದು ನಮಗೆ ಶಾಲೆಯಲ್ಲಿ ಕಲಿಸಿದ ಪದ್ಧತಿ. ಕನ್ನಡ ಮೀಡಿಯಂನಲ್ಲಿ ಓದಿ ಬಿ.ಕಾಂ. ಮುಗಿಸಿದವನು ಪದ್ಧತಿ ತಪ್ಪಬಾರದು, ಸೇರಿಸಿದ್ದೇನೆ. ಉತ್ತರ ಬರೆಯುವುದು ಬಿಡುವುದು ಅಲ್ಲಿನ ಅನುಕೂಲ ನೋಡಿಕೊಂಡು ಮಾಡಿ.

ವಿಷಯ ಇಷ್ಟು. ನಾವಿಬ್ಬರೂ ಸೇರಿ ಮಾಡಿದ ಪೊಟ್ಟಣ ಇದೆಯಲ್ಲ, ಅದನ್ನು ಮುಚ್ಚಿಬಿಡಿ ಎಂದು ಒಬ್ಬರು ಬರೆದಿದ್ದಾರೆ. ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಹಾಡಿನ ಕಡತ ಒತ್ತಿದರೆ ಕೊಡೆಕ್ ಇಲ್ಲವೆಂದು ಅದು ಮುಖ ತಿರುಗಿಸುತ್ತಿದ್ದ ಕಾಲದಲ್ಲಿ, ಒಂದೇ ಗುಂಡಿಯಲ್ಲಿ ಆ ಕೊಡೆಕ್ ತಂದು ಕೂರಿಸುತ್ತಿದ್ದ ನಮ್ಮ ಸಣ್ಣ ಪ್ರೋಗ್ರಾಂ. ಬರೆದವರು ಹಾಸನದ ಕಡೆಯ ಒಂದು ಶಾಲೆಯ ಕಂಪ್ಯೂಟರ್ ಮೇಡಂ. 'ಸರ್, ನಿಮ್ಮ ಪ್ಯಾಕೇಜ್ ಮಾಡುವ ಕೆಲಸವನ್ನು ಈಗ ಸಿಸ್ಟಮ್ಮೇ ಮಾಡುತ್ತದೆ. ನಿಮ್ಮದು ಅಡ್ಡ ನಿಂತು ನಮ್ಮ ಲ್ಯಾಬಿನಲ್ಲಿ ಅಪ್‌ಗ್ರೇಡ್ ಆಗುತ್ತಿಲ್ಲ. ದಯವಿಟ್ಟು ನಿವೃತ್ತಿ ಕೊಡಿ' ಎಂದಿದ್ದಾರೆ. ಅವರು ಹೇಳುವುದು ಸರಿ. ಸರಿ ಎಂದು ಗೊತ್ತಿದ್ದೂ ಉತ್ತರ ಕೊಡದೆ ಕೂತಿದ್ದೇನೆ. ಅದರೊಳಗಿನ ಕೋಡ್ ನನ್ನದು, ಅದು ಹೋದರೆ ಜಗತ್ತಿಗೇ ಒಳ್ಳೆಯದು. ಆದರೆ ಪರದೆಯ ಮೇಲೆ ಅದು ಆಡುವ ಮಾತು ನಿಮ್ಮದು. ಪೊಟ್ಟಣ ಹೋದರೆ ಆ ಮಾತುಗಳು ಎಲ್ಲಿಗೆ…

ಮೊದಲ ಭಾನುವಾರ ನೆನಪಿದೆಯೇ? 2009ರಲ್ಲಿ. ನಮ್ಮ ಪಕ್ಕದ ಆರ್ಟೀಷಿಯಾದ ಇಂಡಿಯನ್ ಅಂಗಡಿಗೆ ನೀವು ಜೋಳದ ಹಿಟ್ಟಿಗೆ ಬಂದಿದ್ದಿರಿ. ಸ್ಯಾನ್ ಡಿಯೇಗೊದ ಫೋರ್ ಎಸ್ ರ್ಯಾಂಚ್ ಬಡಾವಣೆಯಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಹಿಟ್ಟಿಗೆ ಬರುವವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬಂದದ್ದಕ್ಕೆ ಇರಲಿ ಎಂದು ಪುಟ್ಟ ಮಗಳು ಮೇಘಾಳನ್ನು ಸೆರಿಟೋಸಿನ ನಮ್ಮ ಕನ್ನಡ ತರಗತಿಯಲ್ಲಿ ಕೂರಿಸಿ, ನೀವು ಹೊರಗಿನ ಹಾಲ್‌ನಲ್ಲಿ ಸುತ್ತಾಡುತ್ತಿದ್ದಿರಿ. ಮೂಲೆಯಲ್ಲಿ ನನ್ನ ಟೇಬಲ್ಲು. ಸ್ಯಾನ್ ಪೀಡ್ರೊ ಬಂದರಿನ ನಮ್ಮ ಶಿಪ್ಪಿಂಗ್ ಆಫೀಸು ಎಸೆಯುತ್ತಿದ್ದ ಕಂಪ್ಯೂಟರುಗಳನ್ನು ಕೇಳಿ ತಂದು, ಲಿನಕ್ಸ್ ಹಾಕಿ, ಮಕ್ಕಳ ಮನೆಗೆ ಬಂದಿರುವ ಹಿರಿಯರಿಗೆ ಕೊಡುತ್ತಿದ್ದೆ. ಟೇಬಲ್ಲಿನ ಮೇಲೆ ನಾನೇ ಬರೆದ ಬೋರ್ಡು.

"ಯಾರ್ರೀ ಇದನ್ನ ಬರದವ್ರು? 'ಹಳೆ ಯಂತ್ರ ತನ್ನಿ, ಹೊಸ ತಂತ್ರ ಒಯ್ಯಿರಿ.' ಒಯ್ದ ಮ್ಯಾಲೆ ಹಾಡು ಹಾಡ್ತೈತೇನು?"

"ಹಾಡೊಂದು ಸ್ವಲ್ಪ ಕಷ್ಟ ಮೇಡಂ. ಕೊಡೆಕ್ ಬೇಕಾಗುತ್ತೆ."

"ಕೊಡೆಕ್ ನನ್ನ ಹೊಟ್ಟಿಪಾಡು," ಎಂದಿರಿ. "ಮತ್ತ ಮೇಡಂ ಅನಬ್ಯಾಡ, ಅಕ್ಕ ಅನ್ನು, ಪ್ರಾಸಪ್ಪ."

ಆವತ್ತಿನಿಂದ ಆ ಹೆಸರೇ ಗಟ್ಟಿಯಾಯಿತು. ನನ್ನ ಹೆಂಡತಿ ಕೂಡ ಈಗ ಸಿಟ್ಟು ಬಂದರೆ ಮಾತ್ರ ಗಿರೀಶ ಎನ್ನುತ್ತಾಳೆ.

ಕೊಡೆಕ್ ಎಂದರೇನು ಎಂದು ನೀವು ಹೇಳಿಕೊಟ್ಟದ್ದು ಆ ದಿನವೇ, ತರಗತಿಯ ತಾಯಂದಿರು ತಂದಿದ್ದ ಸಂಡಿಗೆ ಎತ್ತಿ ತೋರಿಸಿ. "ಇದನ್ನ ಡಬ್ಬಿಯೊಳಗ ಇಡಬೇಕಂದ್ರ ಒಣಗಸ್ತೀವಿ. ಸಣ್ಣಾಗ್ತೈತಿ, ಹಗರಾಗ್ತೈತಿ. ತಿನ್ನಾಕ ಬೇಕಂದಾಗ ಕರೀತೀವಿ, ಅರಳ್ತೈತಿ. ಹಾಡೂ ಹಂಗ. ಒಣಗಿಸಿ ಕಡತದಾಗ ಇಟ್ಟಿರ್ತಾರ. ಅರಳಿಸೋ ವಿದ್ಯಾಕ್ಕ ಕೊಡೆಕ್ ಅಂತಾರ." ಹಾಗಾದರೆ ಆ ವಿದ್ಯೆಯನ್ನು ಲಿನಕ್ಸಿನವರು ಮೊದಲೇ ಯಾಕೆ ಒಳಗೆ ಹಾಕಿ ಕೊಡುವುದಿಲ್ಲ ಎಂದು ಕೇಳಿದೆ. "ಎಣ್ಣಿ ಯಾರದರ ಇರಲಿ, ಒಲಿ ಯಾರದರ ಇರಲಿ, ಅರಳಿಸೋದಕ್ಕ ಈ ದೇಶದಾಗ ಪೇಟೆಂಟ್ ಐತಿ ತಮ್ಮಾ. ಪುಕ್ಕಟ ಕೊಡೋವ್ರು ಅದನ್ನ ಜತಿಗೆ ಕೊಡಂಗಿಲ್ಲ. ಬೇಕಾದವ್ರು ತಾವ ತರಬೇಕು." ಪೇಟೆಂಟಿನ ಪೇಚು ನನ್ನಂಥ ಪೆದ್ದನಿಗೂ ಒಂದು ಸಂಡಿಗೆಯಲ್ಲಿ ಅರ್ಥವಾಗಿತ್ತು.

ಬೇಕಾದವರು ತಾವೇ ತರುವುದು ಎಂದರೆ ಕಪ್ಪು ಪರದೆಯಲ್ಲಿ ಸಾಲುಗಟ್ಟಲೆ ಇಂಗ್ಲಿಷ್ ಟೈಪ್ ಮಾಡುವುದು. ನಮ್ಮ ಹಿರಿಯರಿಗೆ ಅದು ಆಗದ ಮಾತು. ಅದಕ್ಕೊಂದು ಗುಂಡಿ ಮಾಡೋಣ ಎಂದೆ. ನೀವು ಬರೆಯಿರಿ, ನಾನು ಹಂಚುತ್ತೇನೆ ಎಂದಿದ್ದೆ. ನೀವು ಆಗದು ಎಂದು ತಲೆ ಅಲ್ಲಾಡಿಸಿದಿರಿ. ನಿಮ್ಮ ಕಂಪನಿಯಲ್ಲಿ ನಿಮಗೆ ಫೋನಿನೊಳಗೆ ವಿಡಿಯೊ ಒಣಗಿಸುವುದೇ ಕೆಲಸ; ಆ ಕೆಲಸದವರು ಹೊರಗಿನ ಕೊಡೆಕ್ ಕೋಡಿಗೆ ಕೈ ಹಾಕುವ ಹಾಗಿಲ್ಲ. ನೀವು ಎಷ್ಟು ನಿಯಮದವರೆಂದರೆ, ನಾನು ಪುಸ್ತಕ ನೋಡಿಕೊಂಡು ಒಂದೊಂದೇ ಸಾಲು ಬರೆಯುವಾಗ ನೀವು ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ ಕೂರುತ್ತಿದ್ದಿರಿ. "ಮುಗೀತೇನು? ಪರದೆ ಮುಚ್ಚಿದೇನು? ತಿರಗ್ಲೇನು?" ಮದುವೆ ಮನೆಯಲ್ಲಿ ಸೀರೆ ಬದಲಿಸುವವರ ಹೊರಗೆ ಕಾದು ನಿಂತವರ ಹಾಗೆ. ಹೀಗೆ ಇಂಜಿನಿಯರು ಮಾತು ಬರೆದು, ಬಿ.ಕಾಂ. ಓದಿದವನು ಕೋಡ್ ಬರೆದ ಪೊಟ್ಟಣ ಈ ಲೋಕದಲ್ಲಿ ಇನ್ನೊಂದು ಇರಲಾರದು. ಎರಡೂ ಕಡೆಯವರು ಮರ್ಯಾದೆ ಉಳಿಸಿಕೊಂಡಿದ್ದು ಆಶ್ಚರ್ಯ.

ನಾನು ಮೊದಲು ಬರೆದ ಸಂದೇಶ ಓದಿ ನೀವು ಕನ್ನಡಕ ತೆಗೆದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 'ಕೊಡೆಕ್ ಇಲ್ಲ, ಹಾಡಲು ಒಲ್ಲ.' ಪ್ರಾಸ ಕೂಡಿದ್ದಕ್ಕೆ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

"ಒಲ್ಲೆ ಅಂತ ಯಾವಾಗ ಅಂತೋ ಅದು? ಅದಕ್ಕ ಹಾಡಾಕ ಮನಸೈತಿ, ಬರಾಂಗಿಲ್ಲ ಅಷ್ಟ. ಒಲ್ಲದವರಿಗೂ ಬರಲಾರದವರಿಗೂ ಫರಕ್ ಇಲ್ಲೇನು?"

"ಯಂತ್ರಕ್ಕೆ ಬೇಜಾರಾಗಲ್ಲ ಅಕ್ಕ."

"ಯಂತ್ರಕ್ಕ ಅಲ್ಲೋ. ಎದುರಿಗೆ ಕುಂತವರಿಗೆ. ಮಗನ ಮನ್ಯಾಗ ಬಂದು ಕುಂತಿರ್ತಾರ. ಎಲ್ಲಾದಕ್ಕೂ ಒಬ್ಬರನ್ನ ಕೇಳಬೇಕು. ಕಂಪ್ಯೂಟರ್ ಬ್ಯಾರೆ ಒಲ್ಲೆ ಅನಬೇಕೇನು?"

ಆಮೇಲೆ ನೀವೇ ಬರೆದಿರಿ: 'ಈ ಹಾಡು ನನಗೆ ಇನ್ನೂ ಬರುವುದಿಲ್ಲ. ಕಲಿತು ಬರಲೇ?' ಕೆಳಗೆ ಎರಡು ಗುಂಡಿ, 'ಹೂಂ' ಮತ್ತು 'ಬೇಡ'. ಜಗತ್ತಿನ ಯಾವ ಕಂಪ್ಯೂಟರೂ ಅಷ್ಟು ವಿನಯದಿಂದ ಯಾರನ್ನೂ ಮಾತಾಡಿಸಿರಲಿಲ್ಲ. ಇನ್‌ಸ್ಟಾಲ್‌ಗೆ ಕನ್ನಡವೆಂದು ನಾನು ಹಟ ಹಿಡಿದು ಸೇರಿಸಲು ಹೊರಟಿದ್ದ 'ಅನುಸ್ಥಾಪನೆ'ಯನ್ನು ನೀವು ಎಲ್ಲಿಗೆ ಕಳಿಸಿದಿರೋ, ನಾನು ಮತ್ತೆ ನೋಡಲಿಲ್ಲ.

ನಂಜುಂಡಯ್ಯ ಅಂಕಲ್ ಬಂದ ಭಾನುವಾರ ಮರೆಯಲು ಆದೀತೆ? ಮೈಸೂರಿನಿಂದ ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದವರು. ಟೇಬಲ್ಲಿನ ಎದುರು ನಿಂತು ಗಂಟಲು ಸರಿಮಾಡಿಕೊಂಡರು.

"ಏನಪ್ಪಾ ಗಿರೀಶ, ನಿಮ್ಮ ಪೆಟ್ಟಿಗೆ ದಿನಾ ಅದೇ ಪ್ರಶ್ನೆ ಕೇಳ್ತದೆ."

"ಕೆಳಗೊಂದು ಚೌಕ ಇದೆಯಲ್ಲ ಅಂಕಲ್, ಅದಕ್ಕೊಂದು ಟಿಕ್ ಹಾಕ್ಬಿಡಿ. ಆಮೇಲೆ ಕೇಳಲ್ಲ."

"ಅದೇ ಭಯ ಕಣಪ್ಪ. 'ಮತ್ತೆ ಕೇಳಬೇಡ' ಅಂತ ಬರ್ದಿದ್ದೀರ. ನಂಗೆ ದಿನಾ ಬೆಳಗ್ಗೆ ದೇವರನಾಮ ಕೇಳ್ಬೇಕು. ಒಂದ್ಸಲ ಕೇಳಿ ಬಿಟ್ಬಿಡು ಅಂದ್ರೆ ಹೆಂಗೆ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೀವು ಮಾತ್ರ ಜೋಳದ ಹಿಟ್ಟಿನ ಚೀಲವನ್ನು ಅಪ್ಪಿಕೊಂಡು ನಗಲು ಶುರು ಮಾಡಿದವರು, ನಗು ತಡೆಯಲಾರದೆ ಚೀಲದಲ್ಲೇ ಮುಖ ಮುಚ್ಚಿಕೊಂಡಿರಿ. ಅಂಕಲ್‌ಗೆ ಬೇಜಾರಾಗಬಾರದೆಂದು ಆಮೇಲೆ ಕೈ ಮುಗಿದಿರಿ. "ತಪ್ಪು ನಿಮ್ಮದಲ್ರೀ, ನಮ್ಮದು. ಪ್ರಶ್ನಿ ಕೇಳೋದು ಬ್ಯಾರೆ, ಹಾಡು ಕೇಳೋದು ಬ್ಯಾರೆ. ಇಂಗ್ಲಿಷಿನವ್ರಿಗೆ ಅದಕ್ಕ ಎರಡು ಶಬ್ದ. ನಮಗ ಒಂದ ಶಬ್ದದಾಗ ಎರಡೂ ಆಗಬೇಕು."

ಅಂಕಲ್ ಹೋದ ಮೇಲೆ ನಾವು ಆ ಚೌಕಕ್ಕೆ ಹೆಸರು ಹುಡುಕುತ್ತ ಕೂತೆವು. 'ಮತ್ತೆ ವಿಚಾರಿಸಬೇಡ' ಎಂದೆ. "ವಿಚಾರಸಾಕ ಇದೇನ್ ಪೊಲೀಸ್ ಸ್ಟೇಷನ್ನೇನು?" ಎಂದಿರಿ. 'ಪುನಃ ಪ್ರಶ್ನಿಸಬೇಡ' ಎಂದೆ. ನೀವು ನನ್ನ ಕೈಯ ಪೆನ್ನು ಕಿತ್ತುಕೊಂಡಿರಿ. ಕೊನೆಗೆ ನೀವು ಬರೆದದ್ದು, 'ಇನ್ನು ಸುಮ್ಮನೆ ಹಾಡು.'

"ಸುಮ್ಮನಿರೋರು ಹಾಡಲ್ಲ, ಹಾಡೋರು ಸುಮ್ಮನಿರಲ್ಲ ಅಕ್ಕ," ಎಂದು ತಕರಾರು ತೆಗೆದೆ.

"ಪ್ರಾಸಪ್ಪ, ನೀ ಸುಮ್ಮನ ಟೈಪ್ ಮಾಡು."

ಮಾಡಿದೆ. ಮುಂದಿನ ತಿಂಗಳು ಬಂದು ಅಂಕಲ್ ಟಿಕ್ ಹಾಕಿದ್ದಾಗಿ ಹೇಳಿದರು, ಮದುವೆಗೆ ಒಪ್ಪಿಗೆ ಕೊಟ್ಟವರ ಗಾಂಭೀರ್ಯದಲ್ಲಿ.

ಅದೇ ಅಂಕಲ್ ಇನ್ನೊಂದು ಸಾಲಿಗೂ ಬೆರಳಿಟ್ಟಿದ್ದರಲ್ಲ. 'ನಿಮ್ಮ ದೇಶದ ಕಾನೂನು ಇದಕ್ಕೆ ಒಪ್ಪುತ್ತದೆಯೇ ನೋಡಿಕೊಳ್ಳಿ' ಎಂಬ ಎಚ್ಚರಿಕೆ. "ನಮ್ಮ ದೇಶ ಅಂದ್ರೆ ಯಾವ್ದನ್ನ ನೋಡ್ಕೊಳ್ಳಿ?" ಎಂದು ಕೇಳಿದರು. ಪಾಸ್‌ಪೋರ್ಟು ಅಲ್ಲಿಯದು, ಸೋಫಾ ಇಲ್ಲಿಯದು. ನಾನು ನಕ್ಕೆ. ನೀವು ಆ ಸಲ ನಗಲಿಲ್ಲ. ಕಿಟಕಿಯಾಚೆ ಪಾರ್ಕಿಂಗ್ ಕಡೆ ನೋಡಿದಿರಿ. ನೀವು ಪೌರತ್ವಕ್ಕೆ ಅಪ್ಲೈ ಮಾಡಿದ್ದ ದಿನಗಳು ಅವು ಎಂದು ನನಗೆ ಆಮೇಲೆ ತಿಳಿಯಿತು. ನಿಮ್ಮ ಊರು ಧಾರವಾಡದ ಬಗ್ಗೆ ಒಂದು ಮಾತು ಕೂಡ ಆಡದೆ ಆ ಸಾಲನ್ನು ತಿದ್ದಿದಿರಿ: 'ನೀವು ಈಗ ಕೂತಿರುವ ಜಾಗದ ಕಾನೂನು ನೋಡಿಕೊಳ್ಳಿ.' ಅದಕ್ಕಿಂತ ನಿಖರವಾದ ಅನುವಾದ ಇನ್ನೊಂದು ಇದೆಯೇ? ಅಥವಾ ಅದು ಅನುವಾದವೇ ಅಲ್ಲವೇ? ನೀವಿದ್ದಾಗ ಕೇಳಬೇಕಿತ್ತು.

2014ರ ಕೊನೆಗೆ ನಾನು ಪೊಟ್ಟಣಕ್ಕೆ ವಿಡಿಯೊ ಸೇರಿಸುತ್ತಿದ್ದೆ. ಧ್ವನಿ ಬಂದು ಚಿತ್ರ ಬಾರದಿದ್ದರೆ ಏನು ಹೇಳಬೇಕು ಎಂದು ನಿಮ್ಮನ್ನು ಕೇಳಿದ್ದೆ. ಯೋಚನೆ ಮಾಡಿ ಬರೋ ಭಾನುವಾರ ಹೇಳತೀನಿ ಎಂದಿರಿ. ಆ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಊಟದ ಬಿಡುವಿನಲ್ಲಿ ನಾನು ಬಂದರಿನ ಗೇಟಿನ ಹತ್ತಿರ ನಿಂತು ಫೋನ್ ಮಾಡಿದಾಗ ನಿಮ್ಮ ದನಿ ಸಣ್ಣಗಾಗಿತ್ತು. ಆಸ್ಪತ್ರೆ, ಸ್ಕ್ಯಾನು, ಕೀಮೊ ಎಂದು ದಿನಸಿ ಪಟ್ಟಿ ಓದಿದಂತೆ ಹೇಳಿದಿರಿ.

"ಟೇಬಲ್ಲಿಗೆ ಯಾವಾಗ ಬರ್ತೀರಿ ಅಕ್ಕ?"

"ಬರಾಂಗಿಲ್ಲ, ತಮ್ಮಾ."

ಒಲ್ಲೆ ಎನ್ನಲಿಲ್ಲ ನೀವು. ಫರಕ್ ಅರ್ಥವಾಗುವಷ್ಟು ಕನ್ನಡ ಅಷ್ಟರಲ್ಲಿ ನನಗೆ ಕಲಿಸಿಯಾಗಿತ್ತು. ಆ ಒಂದು ವಿಡಿಯೊ ಸಾಲು ಇವತ್ತಿಗೂ ಇಂಗ್ಲಿಷಿನಲ್ಲೇ ಇದೆ. ನಾನೇ ಒಂದನ್ನು ಬರೆದು ಹಾಕಬಹುದಿತ್ತು. ಧ್ವನಿ ಬಂದು ಚಿತ್ರ ಬಾರದ ಸ್ಥಿತಿಗೆ ಏನು ಹೇಳುವುದು…

2017ರಲ್ಲಿ ಎಂಪಿ3ಯ ಪೇಟೆಂಟ್ ಅವಧಿ ಮುಗಿಯಿತು. ಈ ಸುದ್ದಿ ನಿಮಗೆ ತಲುಪಿರಲಾರದು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಸಂಡಿಗೆಯನ್ನು ಈಗ ಯಾರು ಬೇಕಾದರೂ ಕರಿಯಬಹುದು, ಕರಿದು ಹಂಚಬಹುದು. ಆಫೀಸಿನಲ್ಲಿ ಓದಿದ ತಕ್ಷಣ ಯಾರಿಗಾದರೂ ಹೇಳಬೇಕೆನಿಸಿತು. ಪಕ್ಕದ ಕುರ್ಚಿಯವನಿಗೆ "ಎಂಪಿ3 ಬಿಡುಗಡೆ ಆಯಿತು" ಎಂದೆ. "ಒಳಗೆ ಹಾಕಿದ್ದು ಯಾಕೆ?" ಎಂದು ಕೇಳಿ ಅವನು ತನ್ನ ಕಂಟೇನರುಗಳ ಕಡೆ ತಿರುಗಿದ. ಅಷ್ಟು ದೊಡ್ಡ ಸುದ್ದಿ ಹಿಡಿದುಕೊಂಡು, ಹೇಳಲು ಜನವಿಲ್ಲದೆ, ನಾನು ಮನೆಯವರೆಗೂ ಕಾರಿನಲ್ಲಿ ಒಬ್ಬನೇ ಬಂದೆ.

ಅಲ್ಲಿಂದೀಚೆಗೆ ಲಿನಕ್ಸಿನವರು ಎಂಪಿ3 ಕೊಡೆಕ್ಕನ್ನು ಮೊದಲೇ ಹಾಕಿ ಕಳಿಸುತ್ತಾರೆ. ಉಳಿದದ್ದಕ್ಕೂ ಸಿಸ್ಟಂ ಹಾಕುವಾಗಲೇ ಒಂದು ಟಿಕ್ ಸಾಕು. ನಮ್ಮ ಪೊಟ್ಟಣಕ್ಕೆ ಕೆಲಸವಿಲ್ಲ. ಆದರೂ ಪ್ರತಿ ಹೊಸ ಆವೃತ್ತಿಗೆ ನಾನು ಅದರ ನಂಬರನ್ನು ಏರಿಸುತ್ತ ಬಂದೆ. ನಿಮಗೆ ಹೇಳುವುದಕ್ಕೇನು, ಅದರ ಕಾರಣ ಬೇರೆ. ಗ್ಯಾರೇಜಿನಲ್ಲಿ ಒಂದು ಹಳೆಯ ಯಂತ್ರ ಇಟ್ಟುಕೊಂಡಿದ್ದೇನೆ. ಮೊದಮೊದಲಿನ ಹಾಗಲ್ಲ, ಈಗ ಒಮ್ಮೆ 'ಹೂಂ' ಎಂದರೆ ಟಿಕ್ ಇಲ್ಲದೆಯೂ ನಮ್ಮ ಪ್ರೋಗ್ರಾಂ ಆ ಯಂತ್ರದಲ್ಲಿ ಮತ್ತೆ ಕೇಳುವುದಿಲ್ಲವಲ್ಲ. ಅದಕ್ಕೆ ಆಗಾಗ ಅದನ್ನು ಪೂರ್ತಿ ಅಳಿಸಿ, ಹಳೆಯ ಸಿಸ್ಟಮ್ಮನ್ನು ಹೊಸದಾಗಿ ಹಾಕಿ, ಒಂದು ಹಾಡು ಒತ್ತಿ ಕಾಯುತ್ತೇನೆ. ಸ್ವಲ್ಪ ಹೊತ್ತಿಗೆ ನೀವು ಬರುತ್ತೀರಿ. 'ಈ ಹಾಡು ನನಗೆ ಇನ್ನೂ ಬರುವುದಿಲ್ಲ. ಕಲಿತು ಬರಲೇ?' ನಾನು ಹೂಂ ಎನ್ನದೆ ಸುಮಾರು ಹೊತ್ತು ಕೂತಿರುತ್ತೇನೆ. ಹೂಂ ಎಂದರೆ ಹೋಗಿಬಿಡುತ್ತೀರಲ್ಲ.

ಇಷ್ಟು ಬರೆದು ಕಾಗದ ನಿಲ್ಲಿಸಿದ್ದೆ. ನಡುವೆ ಒಂದು ಶನಿವಾರ ನಿಮ್ಮ ಮನೆಗೆ ಹೋಗಿ ಬಂದೆ. ಮೇಘಾ ಕಾಲೇಜಿನಿಂದ ಮನೆಗೆ ಬಂದಿದ್ದಳು. ಎತ್ತರದಲ್ಲಿ ನಿಮ್ಮನ್ನು ಮೀರಿಸಿದ್ದಾಳೆ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಇಂಗ್ಲಿಷು. ಹಾಸನದ ಮೇಡಂನ ಪತ್ರ ತೋರಿಸಿ, ಏನು ಮಾಡಲಿ ಎಂದು ಕೇಳಿದೆ. ಅವಳು ಪೂರ್ತಿ ಓದಿದಳು. ಆ ಲ್ಯಾಬಿನಲ್ಲಿ ಮಕ್ಕಳು ಯಾವಾಗಿನಿಂದ ಕಾಯುತ್ತಿದ್ದಾರೆ ಎಂದು ಕೇಳಿದಳು. ನಾನು ಹೇಳಿದೆ. ಅವಳು ನನ್ನನ್ನು ನೋಡಿದ ರೀತಿ, ಅಕ್ಕ, ನೀವು 'ಅನುಸ್ಥಾಪನೆ'ಯನ್ನು ನೋಡುತ್ತಿದ್ದ ರೀತಿ.

"ಗಿರೀಶ್ ಅಂಕಲ್, ಅಮ್ಮ ಇದ್ದಿದ್ರೆ ಈ ಕಂಪ್ಲೇಂಟ್ ಅವಳೇ ಬರೀತಿದ್ಲು," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಪ್ರಾಸ ಹುಡುಕದೆ ಅಲ್ಲೇ ಲ್ಯಾಪ್‌ಟಾಪ್ ತೆರೆದೆ.

ಇಂಥ ಪೊಟ್ಟಣವನ್ನು ಹಿಂತೆಗೆದುಕೊಳ್ಳಲು ಒಂದು ಕ್ರಮವಿದೆ. ಸುಮ್ಮನೆ ಅಳಿಸುವ ಹಾಗಿಲ್ಲ. ಅಳಿಸಿದರೆ ಹಳೆಯದು ಬಳಕೆದಾರರ ಯಂತ್ರದಲ್ಲಿ ಹಾಗೇ ಕೂತಿರುತ್ತದೆ. ಅದೇ ಹೆಸರಿನಲ್ಲಿ ಒಂದು ಖಾಲಿ ಪೊಟ್ಟಣ ಮಾಡಿ ಕಳಿಸಬೇಕು. ಅದು ಹೋಗಿ ಹಳೆಯದರ ಜಾಗದಲ್ಲಿ ಕೂತು, ಇದ್ದದ್ದನ್ನೆಲ್ಲ ಹೊರಗೆ ಕಳಿಸಿ, ದಾರಿ ಬಿಡುತ್ತದೆ. ಹೆಸರು ಅದೇ, ಒಳಗೆ ಏನೂ ಇರುವುದಿಲ್ಲ. ಅದನ್ನು ನಿಮ್ಮ ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು ಮಾಡಿದೆ. ಒಂದು ಮಾತ್ರ ಬೇಕಾಗಿತ್ತು. ಖಾಲಿಯಾದರೂ ವಿವರಣೆ ಎಂದು ಒಂದು ಸಾಲು ಬರೆಯಲೇಬೇಕು, ಇಲ್ಲದಿದ್ದರೆ ಅದು ಸ್ವೀಕಾರವಾಗುವುದಿಲ್ಲ. ನಾನು 'ನಿವೃತ್ತ' ಎಂದು ಬರೆದು ಅಳಿಸಿದೆ. 'ಪೊಟ್ಟಣ ಬರಿದು, ಋಣವು ಹರಿದು' ಎಂದು ಬರೆದೆ. ಮೇಘಾ ಹೆಗಲ ಮೇಲಿಂದ ಬಗ್ಗಿ ಓದಲು ಒದ್ದಾಡಿ, ಅದೇನೆಂದು ಕೇಳಿದಳು. ಬಿಡಿಸಿ ಹೇಳಿದೆ. ಟೂ ಮಚ್ ಎಂದಳು.

"ನಿಮ್ಮಮ್ಮ ಏನ್ ಬರೀತಿದ್ರು?" ಎಂದು ಕೇಳಿದೆ.

ಅವಳು ಗ್ಯಾಸ್ ಒಲೆ ಆರಿಸಿದಳು. ಅಮ್ಮ ಫೋನ್ ಇಡುವಾಗ, ಬಡಿಸಿ ಮುಗಿಸಿದಾಗ, ಕಾರು ಲಾಕ್ ಮಾಡಿದಾಗ, ಕೊನೆ ಕೊನೆಗೆ ನರ್ಸ್ ಸೂಜಿ ತೆಗೆದಾಗ ಕೂಡ ಒಂದೇ ಮಾತು ಹೇಳುತ್ತಿದ್ದಳು ಎಂದಳು. ಆಮೇಲೆ ಆ ಮಾತನ್ನು ನಿಮ್ಮ ಹಾಗೆಯೇ, ಕೊನೆಯ ಅಕ್ಷರಕ್ಕೆ ಅರ್ಧ ಬಾಗಿಲು ಎಳೆದಂತೆ, ಹೇಳಿ ತೋರಿಸಿದಳು.

"ಆತು."

ಅದನ್ನೇ ಬರೆದೆ. ಆ ಒಂದು ಪದ, ಒಂದು ಚುಕ್ಕಿ. ಕಳಿಸುವ ಗುಂಡಿಯನ್ನು ಮೇಘಾಳ ಕೈಯಿಂದ ಒತ್ತಿಸಿದೆ. ಅವಳು ಒತ್ತಿ, ನನ್ನ ಮುಂದೆ ಚಹಾ ಇಟ್ಟು, ಆ ಕಡೆ ತಿರುಗಿ ಬಹಳ ಹೊತ್ತು ಲೋಟ ತೊಳೆದಳು. ಮರಳಿ ಬರುವಾಗ ಎಡಗಡೆ ಸಮುದ್ರ ಇತ್ತು, ನೋಡಲಿಲ್ಲ ನಾನು. ಗ್ಯಾರೇಜಿನ ಯಂತ್ರಕ್ಕೂ ಈಗ ಹೊಸ ಸಿಸ್ಟಂ ಹಾಕಿದ್ದೇನೆ. ಹಾಡು ಒತ್ತಿದರೆ ಒತ್ತಿದ ತಕ್ಷಣ ಬರುತ್ತದೆ. ಹೀಗೆ ಆಗಬೇಕೆಂದೇ ಅಲ್ಲವೇ ನಾವು ಅಷ್ಟೆಲ್ಲ ಭಾನುವಾರ… ಆದರೂ ಅಕ್ಕ, ಒತ್ತಿದ ಮೇಲೆ ಒಂದು ಗಳಿಗೆ ಬೆರಳು ಹಾಗೇ ನಿಲ್ಲುತ್ತದೆ.

ಸೋಮವಾರ ಹಾಸನದ ಮೇಡಂ ಬರೆದರು. 'ಸರ್, ಎಲ್ಲ ಕಂಪ್ಯೂಟರೂ ಅಪ್‌ಗ್ರೇಡ್ ಆದವು. ಮಕ್ಕಳ ಪರವಾಗಿ ಧನ್ಯವಾದ. ವಿವರಣೆಯಲ್ಲಿ ಒಂದು ಅಕ್ಷರದೋಷ ಉಳಿದಿದೆ. "ಆಯಿತು" ಎಂದಾಗಬೇಕು. ತಿದ್ದಿ ಕಳಿಸಲೇ?'

ಈ ಸಲ ತಡಮಾಡದೆ ಉತ್ತರ ಕೊಟ್ಟಿದ್ದೇನೆ. ನಾನಿರುವ ತನಕ ಅದನ್ನು ಯಾರೂ ತಿದ್ದುವುದಿಲ್ಲ, ನೀವು ನಿಶ್ಚಿಂತೆಯಿಂದಿರಿ. 'ದೋಷವಲ್ಲ ಮೇಡಂ,' ಎಂದು ಬರೆದೆ, 'ಧಾರವಾಡ.'

ನಿಮ್ಮ ತಮ್ಮ,
ಗಿರೀಶ